ಮಾತ್ರೆಯೂ ಪ್ರಾರ್ಥನೆಯೂ



ಪ್ರವಾದಿ ಎಲೀಯನು ಮರಳುಗಾಡಿನಲ್ಲಿ ಒಂದು ಗಿಡದ ಕೆಳಗೆ ಕುಸಿದು ಕುಳಿತು, ತನಗೆ ಬದುಕು ಸಾಕಾಯಿತೆಂದು ದೇವರಲ್ಲಿ ಮೊರೆಯಿಟ್ಟ ಪ್ರಸಂಗ ಅರಸುಗಳ ಮೊದಲನೆಯ ಗ್ರಂಥದಲ್ಲಿದೆ. ಅಲ್ಲಿಗೆ ಬಂದ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ, ವಿಶ್ವಾಸ ಸಾಲದೆಂದು ಗದರಿಸಲೂ ಇಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು. ಅವನು ಉಂಡು ಮತ್ತೆ ಮಲಗಿದಾಗ ಮಲಗಲು ಬಿಟ್ಟು, ಎರಡನೆಯ ಸಲ ಬಂದು ಉಣಿಸಿದನು. ಪ್ರಯಾಣ ಅವನ ಶಕ್ತಿಗೆ ಮೀರಿದ್ದೆಂದು ದೂತನಿಗೆ ಗೊತ್ತಿತ್ತು.

ನಮ್ಮ ಮನೆಗಳಲ್ಲಿ ದಣಿದು ಮಲಗಿದ ಹೆಣ್ಣುಮಗಳಿಗೆ ಇಷ್ಟು ಕನಿಕರ ಸಿಗುವುದು ಅಪರೂಪ. ಬೀದರ್ ನಗರದಲ್ಲಾಗಲಿ, ಭಾಲ್ಕಿ, ಔರಾದಿನ ಕಡೆಯಾಗಲಿ ಮನೆ ಭೇಟಿಗೆ ಹೋದಾಗ, "ನಮ್ ಸೊಸಿ ಬರೀ ನೆವ ಹೇಳ್ತಾಳ್ರೀ ಫಾದರ್" ಎಂಬ ದೂರು ಕಿವಿಗೆ ಬೀಳುತ್ತದೆ. ಕೆಲವು ಸಲ ಅದು ನೆವವಲ್ಲ. ಲೂಪಸ್ ಎಂಬ ಕಾಯಿಲೆಯಿರಬಹುದು.

ಲತೀನ್ ಭಾಷೆಯಲ್ಲಿ ಲೂಪಸ್ ಎಂದರೆ ತೋಳ. ಮನೆ ಕಾಯಬೇಕಾದ ನಾಯಿಯೇ ಮನೆಯವರನ್ನು ಕಚ್ಚಿದಂತೆ, ರೋಗಾಣುಗಳನ್ನು ತಡೆಯಬೇಕಾದ ದೇಹದ ರಕ್ಷಣಾಶಕ್ತಿ ಈ ಕಾಯಿಲೆಯಲ್ಲಿ ತನ್ನ ದೇಹದ ಮೇಲೆಯೇ ಎರಗುತ್ತದೆ. ರೋಗಿಗಳಲ್ಲಿ ೧೦ಕ್ಕೆ ೯ ಮಂದಿ ಹೆಂಗಸರು; ಅದರಲ್ಲೂ ಮಕ್ಕಳನ್ನು ಹೆರುವ ವಯಸ್ಸಿನವರೇ ಹೆಚ್ಚು. ಕೀಲುನೋವು, ಬಿಡದ ಸುಸ್ತು, ಕೂದಲು ಉದುರುವುದು, ಬಾಯಿಹುಣ್ಣು; ಕೆಲವರಿಗೆ ಮೂಗಿನ ಎರಡೂ ಕಡೆ ಚಿಟ್ಟೆ ರೆಕ್ಕೆ ಬಿಚ್ಚಿದಂತೆ ಕೆಂಪು ಕಲೆ. ಅದನ್ನು ಬಂಗು ಎಂದು ತಿಳಿದು ಕ್ರೀಮು ಹಚ್ಚುತ್ತಾ ವರ್ಷ ಕಳೆಯುವವರಿದ್ದಾರೆ. ಮೂತ್ರಪಿಂಡಕ್ಕೆ ಇಳಿದರೆ ನೋವೇ ಇರುವುದಿಲ್ಲ. ಕಾಲು ಬಾವು, ನೊರೆನೊರೆಯಾದ ಮೂತ್ರ ಕಂಡರೆ ತಡ ಮಾಡಬಾರದು. ಇದು ಅಂಟುರೋಗವಲ್ಲ, ಲೋಟ, ತಟ್ಟೆ ಬೇರೆ ಇಡಬೇಕಾಗಿಲ್ಲ. ಶಾಪವೂ ಅಲ್ಲ. ಹುಟ್ಟುಕುರುಡನನ್ನು ತೋರಿಸಿ ಯಾರ ಪಾಪದ ಫಲವೆಂದು ಕೇಳಿದ ಶಿಷ್ಯರಿಗೆ ಪ್ರಭು ಯೇಸು ಕೊಟ್ಟ ಉತ್ತರ ನಿಮಗೆ ತಿಳಿದೇ ಇದೆ.

ಇದನ್ನು ಬೇರುಸಹಿತ ಕಿತ್ತುಹಾಕುವ ಔಷಧ ಇಂದಿಗೂ ಇಲ್ಲ. ಆದರೆ ಹದ್ದಿನಲ್ಲಿಡುವ ಔಷಧಗಳಿವೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ಹೆಚ್ಚಿನವರು ವರ್ಷಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ. ಅದಕ್ಕಾಗಿ ಕಾಲಕಾಲಕ್ಕೆ ಕಣ್ಣಿನ ಪರೀಕ್ಷೆ ಬೇಕು. ನನ್ನನ್ನು ಹೆಚ್ಚು ಕಾಡುವುದು ಇಲ್ಲಿಯ ಸಂಗತಿ. ನೊವೇನ ಮುಗಿಯಿತು, ನೋವು ಇಳಿಯಿತು, ಇನ್ನು ಮಾತ್ರೆ ನುಂಗಿದರೆ ದೇವರನ್ನು ನಂಬದಂತಾಗುತ್ತದೆ ಎಂದು ಔಷಧ ಬಿಡುವವರಿದ್ದಾರೆ. ಪ್ರಿಯರೇ, ಸ್ಟೀರಾಯ್ಡ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾದೀತು. ಅದನ್ನು ವೈದ್ಯರೇ ಮೆಟ್ಟಿಲುಮೆಟ್ಟಿಲಾಗಿ ಇಳಿಸಬೇಕು. ವೈದ್ಯನನ್ನು ಗೌರವಿಸು, ಮದ್ದನ್ನು ಮಣ್ಣಿನಿಂದ ಉಂಟುಮಾಡಿದವರು ದೇವರೇ ಎಂಬ ಬೋಧನೆ ಸಿರಾಖನ ಗ್ರಂಥದ ೩೮ನೆಯ ಅಧ್ಯಾಯದಲ್ಲಿದೆ. ಕೃಪೆಯು ಪ್ರಕೃತಿಯನ್ನು ಪೂರ್ಣಗೊಳಿಸುತ್ತದೆಯೇ ಹೊರತು ಅಳಿಸುವುದಿಲ್ಲವೆಂದು ಸಂತ ತೋಮಾಸ್ ಅಕ್ವಿನಾಸರು ಕಲಿಸಿದರು. ದಿನವೂ ಒಂದೇ ಹೊತ್ತಿಗೆ, ಬೆಳಗಿನ ಪ್ರಾರ್ಥನೆಯ ಜೊತೆಗೇ ಮಾತ್ರೆ ತೆಗೆದುಕೊಳ್ಳುವ ರೂಢಿ ಮಾಡಿಕೊಳ್ಳಿ, ಮರೆಯುವುದೂ ಇಲ್ಲ.

ಪರಮಪ್ರಸಾದದ ಉಪವಾಸ ಮುರಿಯುತ್ತದೆಂದು ಭಾನುವಾರದ ಮಾತ್ರೆ ತಪ್ಪಿಸುವವರೂ ಉಂಟು. ಧರ್ಮಸಭೆಯ ಕಾನೂನು ಸಂಹಿತೆಯ ೯೧೯ನೆಯ ವಿಧಿಯ ಪ್ರಕಾರ ನೀರು ಮತ್ತು ಔಷಧ ಈ ಒಂದು ಗಂಟೆಯ ಉಪವಾಸವನ್ನು ಮುರಿಯುವುದಿಲ್ಲ. ರೋಗಿಗಳೂ ಅವರ ಆರೈಕೆ ಮಾಡುವವರೂ ಆ ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪರಮಪ್ರಸಾದ ಸ್ವೀಕರಿಸಬಹುದು.

ಇನ್ನು ನಮ್ಮ ಬಿಸಿಲು. ಬೇಸಿಗೆಯಲ್ಲಿ ೪೦ ಡಿಗ್ರಿ ದಾಟುವ ಈ ಸೀಮೆಯಲ್ಲಿ ಬಿಸಿಲೇ ಲೂಪಸ್‌ನ ಹಳೆಯ ಗೆಳೆಯ, ರೋಗವನ್ನು ಕೆರಳಿಸುತ್ತದೆ. ತೊಗರಿ, ಸೋಯಾ ಹೊಲದ ಕಳೆ ಕೆಲಸವಿದ್ದರೆ ಬೆಳಗಿನ ತಂಪಿಗೆ ಮುಗಿಸಿಕೊಳ್ಳಲಿ; ಹತ್ತರಿಂದ ನಾಲ್ಕರವರೆಗೆ ನೆರಳಿರಲಿ. ತುಂಬುತೋಳಿನ ಕುಪ್ಪಸ, ತಲೆಯ ಮೇಲೆ ಸೆರಗು, ಕೈಯಲ್ಲಿ ಛತ್ರಿ, ಮುಖಕ್ಕೆ ವೈದ್ಯರು ಹೇಳಿದ ಸನ್‌ಸ್ಕ್ರೀನ್. ಔರಾದಿನಿಂದ ಬಸ್ಸಿನಲ್ಲಿ ಬರುವಾಗ ಬಿಸಿಲು ಬೀಳದ ಬದಿಗೆ ಕುಳಿತುಕೊಳ್ಳಿ. ಮಾತೆ ಮರಿಯಮ್ಮನವರ ಮೆರವಣಿಗೆಯನ್ನು ಸಂಜೆಗೆ ಇಟ್ಟರೆ ಭಕ್ತಿಯೇನೂ ಕಡಿಮೆಯಾಗದು. (ಮೇ ೧೦ ವಿಶ್ವ ಲೂಪಸ್ ದಿನವೂ ಹೌದು, ಮರಿಯಮ್ಮನವರ ತಿಂಗಳಲ್ಲೇ ಬರುತ್ತದೆ.)

ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ ಕಡಿಮೆ. ಜೋಳದ ರೊಟ್ಟಿ, ಪಲ್ಯ, ಬೇಳೆ ಧಾರಾಳ. ಸ್ಟೀರಾಯ್ಡ್ ಎಲುಬನ್ನು ಸವೆಸುವುದರಿಂದ ಹಾಲು, ಮೊಸರು ಇರಲಿ. ರೋಗನಿರೋಧಕ ಶಕ್ತಿ ಹೆಚ್ಚಿಸುವುದೆಂದು ಮಾರುವ ಪುಡಿಗಳನ್ನು ವೈದ್ಯರಿಗೆ ತೋರಿಸದೆ ಮುಟ್ಟಬೇಡಿ. ಇಲ್ಲಿ ಆ ಶಕ್ತಿಯೇ ದಾರಿ ತಪ್ಪಿದೆ. ಮದುವೆಯಾದವರು ಗರ್ಭ ಧರಿಸುವ ಮೊದಲೇ ವೈದ್ಯರೊಡನೆ ಮಾತಾಡಬೇಕು. ಕೆಲವು ಮಾತ್ರೆಗಳು ಕೂಸಿಗೆ ಆಗವು, ರೋಗವೂ ಆರು ತಿಂಗಳಾದರೂ ತಣ್ಣಗಿರಬೇಕು. ಜ್ವರ ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಹೋಗಿ. ಕೀಲು ಮತ್ತು ವಾತರೋಗ ತಜ್ಞರು ಹೈದರಾಬಾದಿನ ನಿಮ್ಸ್‌ನಂಥ ಆಸ್ಪತ್ರೆಗಳಲ್ಲಿದ್ದಾರೆ; ಹಳೆಯ ಚೀಟಿಗಳೆಲ್ಲ ಒಂದು ಚೀಲದಲ್ಲಿರಲಿ.

ಅಮೆರಿಕದ ಕಥೋಲಿಕ ಲೇಖಕಿ ಫ್ಲ್ಯಾನರಿ ಓಕಾನರ್ ಅವರ ತಂದೆ ೧೯೪೧ರಲ್ಲಿ ಲೂಪಸ್‌ನಿಂದಲೇ ತೀರಿಕೊಂಡರು. ಇಪ್ಪತ್ತೈದರ ಪ್ರಾಯದಲ್ಲಿ ಅದೇ ರೋಗ ಮಗಳನ್ನೂ ಹಿಡಿಯಿತು. ಆಕೆ ತಾಯಿಯ ತೋಟದ ಮನೆಗೆ ಮರಳಿ, ಬೆಳಗಿನ ಎರಡು ಮೂರು ಗಂಟೆ ಮಾತ್ರ ಬರೆಯುತ್ತಿದ್ದರು. ಉಳಿದ ಹೊತ್ತು ವಿಶ್ರಾಂತಿ, ಓದು, ನವಿಲುಗಳ ಸಾಕಣೆ. ೧೯೫೮ರಲ್ಲಿ ಲೂರ್ದಿಗೂ ಹೋಗಿಬಂದರು. ರೋಗ ವಾಸಿಯಾಗಲಿಲ್ಲ. ೧೯೬೪ರಲ್ಲಿ ೩೯ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಎರಡು ಕಾದಂಬರಿ, ಹಲವಾರು ಕಥೆಗಳು ಉಳಿದಿದ್ದವು. ಇಂದಿನ ಔಷಧಗಳಲ್ಲಿ ಎಷ್ಟೋ ಆಗಿನ ಕಾಲಕ್ಕೆ ಇರಲಿಲ್ಲ. ಇದ್ದ ಶಕ್ತಿಯನ್ನು ಯಾವುದಕ್ಕೆ ವ್ಯಯಿಸಬೇಕೆಂದು ಆಕೆ ಆರಿಸಿಕೊಂಡ ಬಗೆ ನನಗೆ ದೊಡ್ಡದೆನಿಸುತ್ತದೆ. ನಮ್ಮ ತಾಯಂದಿರೂ ದಿನಕ್ಕೆ ಒಂದು ಕೆಲಸ ಆರಿಸಿಕೊಂಡು ಮಿಕ್ಕಿದ್ದನ್ನು ಬಿಡಬಹುದು, ಆದರೆ ಬಿಟ್ಟ ಕೆಲಸಕ್ಕೆ ಗಂಡನೋ ಮಗನೋ ಕೈಹಾಕಬೇಕು. ದುರ್ಬಲವೆಂದು ಕಾಣುವ ಅಂಗಗಳೇ ದೇಹಕ್ಕೆ ಹೆಚ್ಚು ಅಗತ್ಯವೆಂದು ಸಂತ ಪೌಲರು ಕೊರಿಂಥದವರಿಗೆ ಬರೆದದ್ದು ಅಡುಗೆಮನೆಗೂ ಸಲ್ಲುತ್ತದೆ.

ತಪಸ್ಸುಕಾಲದ ಉಪವಾಸ ರೋಗಿಗಳಿಗೆ ಕಡ್ಡಾಯವಲ್ಲ. ರೋಗಿಗಳ ಅಭ್ಯಂಗ ಸಂಸ್ಕಾರವೂ ಸಾಯುವವರಿಗೆ ಮಾತ್ರವಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ೧೯೬೩ರಲ್ಲೇ ತಿಳಿಸಿದೆ. ಗುರುಗಳು ಎಣ್ಣೆ ಹಿಡಿದು ಬಂದರೆಂದು ಹೆದರಬೇಡಿ. ರೋಗ ಉಲ್ಬಣಿಸಿದಾಗ ಹೇಳಿಕಳುಹಿಸಿ, ಬಿಸಿಲಿನಲ್ಲಿ ದೇವಾಲಯಕ್ಕೆ ಬರುವುದು ಬೇಡ, ನಾವೇ ಮನೆಗೆ ಬರುತ್ತೇವೆ.