ಹೆಬ್ಬೆರಳು ಯಾರದು?

2003ರ ಏಪ್ರಿಲ್ 13, ಭಾನುವಾರ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರು. ವಿಶ್ವವಿದ್ಯಾಲಯದ ಅಲೆನ್ ಫೀಲ್ಡ್‌ಹೌಸ್ ಕ್ರೀಡಾಂಗಣದ ಮುಂದೆ, ನೈಸ್ಮಿತ್ ಡ್ರೈವ್ ರಸ್ತೆಯಲ್ಲಿ ಇಬ್ಬರು ನಡೆಯುತ್ತಿದ್ದಾರೆ: ಇಲ್ಲಿ ಓದುತ್ತಿರುವ ಸೊಸೆ, ತಿಪಟೂರಿನಿಂದ ಬಂದಿರುವ ನಿವೃತ್ತ ಹೆಡ್‌ಮೇಷ್ಟ್ರು ಮಾವ.

ಮಾವ: ಆರು ದಿನದಿಂದ ನೋಡ್ತಿದ್ದೀನಿ, ಊರಿಗೆ ಊರೇ ಸೂತಕದ ಮನೆ ಥರ ಇದೆ. ಒಂದು ಮ್ಯಾಚ್ ಸೋತಿದ್ದಕ್ಕೆ ಇಷ್ಟೊಂದಾ?

ಸೊಸೆ: ಸೋತಿದ್ದಕ್ಕಲ್ಲ ಮಾವ. ಸಿರಾಕ್ಯೂಸ್ ಎದುರು ಕಾಲೇಜು ಬ್ಯಾಸ್ಕೆಟ್‌ಬಾಲ್ ಫೈನಲ್, 81–78. ಮೂವತ್ತು ಫ್ರೀ ಥ್ರೋ ಸಿಕ್ಕಿ, ಹಾಕಿದ್ದು ಹನ್ನೆರಡು. ಅದನ್ನಾದ್ರೂ ಹೇಗೋ ನುಂಗ್ಕೊಂಡಾರು. ಕೋಚ್ ರಾಯ್ ವಿಲಿಯಮ್ಸ್ ಬಿಟ್ಟು ಹೋಗ್ತಾರೇನೋ ಅನ್ನೋದು ಭಯ. ಅವರು ಓದಿದ ನಾರ್ತ್ ಕ್ಯಾರೊಲೈನಾದವರು ಕರೀತಿದ್ದಾರೆ. ಮ್ಯಾಚ್ ಮುಗಿದು ಬೆವರು ಆರೋ ಮೊದಲೇ ಟೀವಿಯವರು ಅದನ್ನೇ ಕೇಳಿದ್ರು. ರೇಗಿಬಿಟ್ರು.

ಮಾವ: ಹದಿನೈದು ವರ್ಷ ಒಂದೇ ಕಡೆ ಇದ್ದಾನೆ ಅಂದೆಯಲ್ಲ? ನನಗೆ ಮೂವತ್ತೊಂದು ವರ್ಷದ ಸರ್ವಿಸ್‌ನಲ್ಲಿ ಒಂಬತ್ತು ವರ್ಗ. ಒಂದು ಹಾರ, ಒಂದು ಶಾಲು, ಉಪ್ಪಿಟ್ಟು, ಕೇಸರಿಭಾತ್. ಮಕ್ಕಳು ಅತ್ತವು, ಸೋಮವಾರ ಹೊಸ ಮೇಷ್ಟ್ರಿಗೆ ನಮಸ್ತೇ ಸಾರ್ ಅಂದವು.

ಸೊಸೆ: ನಿಮಗೆ ಆರ್ಡರ್ ಬರ್ತಿತ್ತು. ಹೋಗೋದೋ ಬೇಡವೋ ಅಂತ ಯಾವತ್ತಾದ್ರೂ ನಿದ್ದೆಗೆಟ್ಟಿದ್ರಾ?

ಮಾವ: ನಿದ್ದೆಗೆಟ್ಟಿದ್ದು ಬಾಡಿಗೆ ಮನೆ ಸಿಗುತ್ತೋ ಇಲ್ವೋ ಅಂತ. (ನಗುತ್ತಾರೆ) ನೀನು ಹೇಳೋದು ನಿಜ. ಆರ್ಡರ್ ಕೈಗೆ ಬಂದ ಮೇಲೆ ಸರಿ ತಪ್ಪೆಲ್ಲ ಡಿಡಿಪಿಐ ಕಚೇರಿಗೆ ಸೇರಿದ್ದು.

ಸೊಸೆ: ಇವರಿಗೆ ಆ ಅನುಕೂಲ ಇಲ್ಲ. 2000ದ ಜುಲೈನಲ್ಲೂ ಅಲ್ಲಿಂದ ಕರೆ ಬಂದಿತ್ತು. ಇಲ್ಲೇ ಇರ್ತೀನಿ ಅಂದ್ರು. ಆ ಮಾತು ಕೇಳೋಕೆ ಫುಟ್‌ಬಾಲ್ ಸ್ಟೇಡಿಯಂನ ದೊಡ್ಡ ಪರದೆ ಮುಂದೆ ಸಾವಿರಾರು ಜನ ಸೇರಿದ್ರಂತೆ. ನಿಕ್ ಕಾಲಿಸನ್‌ನಂಥ ಆಟಗಾರ ಹುಡುಗರಿಗೆ ಬಿಟ್ಟು ಹೋಗಲ್ಲ ಅಂತ ಮಾತು ಕೊಟ್ಟಿದ್ರು, ಅದಕ್ಕೇ ನಿಂತ್ರು.

ಮಾವ: ಆ ಹುಡುಗ ಈಗ?

ಸೊಸೆ: ಇದೇ ಅವನ ಕೊನೇ ವರ್ಷ. ಕರ್ಕ್ ಹೈನ್ರಿಕ್‌ದೂ ಅಷ್ಟೇ. ಆ ಫೈನಲ್ಲೇ ಕೊನೇ ಮ್ಯಾಚು.

ಮಾವ: ಅಲ್ಲಿಗೆ ಸಾಲ ತೀರಿತಲ್ಲಮ್ಮ. ಮಾತು ಕೊಟ್ಟದ್ದು ಹುಡುಗನಿಗೆ. ಈ ಕಟ್ಟಡಕ್ಕಲ್ಲ, ಊರಿಗಲ್ಲ.

ಸೊಸೆ: ಕಾಲಿಸನ್ ಲೆಕ್ಕ ಚುಕ್ತಾ. ಮೊದಲನೇ ವರ್ಷದ ಹುಡುಗರದು? ಅವರ ಮನೆಗೂ ಹೋಗಿ, ತಾಯಿ ಎದುರು ಸೋಫಾದಲ್ಲಿ ಕೂತು, ನಿಮ್ಮ ಮಗನ್ನ ನಾನು ನೋಡ್ಕೊತೀನಿ ಅಂದಿರ್ತಾರಲ್ಲ? ಈ ಕೆಲಸದಲ್ಲಿ ಹಳೇದು ತೀರೋದರೊಳಗೆ ಹೊಸ ಸಾಲ ಆಗಿರುತ್ತೆ.

ಮಾವ: ಹಾಗಾದ್ರೆ ಸಾಯೋವರೆಗೂ ಬಿಡೋ ಹಾಗಿಲ್ಲ. ಅದನ್ನ ಮಾತು ಅನ್ನಲ್ಲ, ಜೀತ ಅಂತಾರೆ.

ಸೊಸೆ: ಹುಡುಗರದು ಇನ್ನೇನು? ಬೇರೆ ಕಾಲೇಜಿಗೆ ಹೋದ್ರೆ ಒಂದು ವರ್ಷ ಆಡೋ ಹಾಗಿಲ್ಲ, ಅದು ನಿಯಮ. ಕೋಚು ಮಾತ್ರ ಇವತ್ತು ಇಲ್ಲಿ ರಾಜೀನಾಮೆ ಕೊಟ್ಟು ನಾಳೆ ಅಲ್ಲಿ ಸೀಟಿ ಊದಬಹುದು.

ಮಾವ: (ಸ್ವಲ್ಪ ದೂರ ಸುಮ್ಮನೆ ನಡೆದು) ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಒಂದು ಹೇಳು, ಕರೀತಿರೋದು ಕಾಲೇಜೋ, ಮನುಷ್ಯನೋ?

ಸೊಸೆ: ಡೀನ್ ಸ್ಮಿತ್. ಇವರ ಗುರು. ಹತ್ತು ವರ್ಷ ಅವರ ಕೈಕೆಳಗೆ ಸಹಾಯಕ ಆಗಿದ್ರು. ಸ್ಮಿತ್ ಆಟ ಕಲಿತದ್ದು ಇದೇ ಊರಲ್ಲಿ ಫಾಗ್ ಅಲೆನ್ ಹತ್ರ, ಈ ಕ್ರೀಡಾಂಗಣ ಅವರ ಹೆಸರಿಂದೇ. ಅಲೆನ್ ಕಲಿತದ್ದು ಆಟ ಕಂಡುಹಿಡಿದ ನೈಸ್ಮಿತ್ ಹತ್ರ, ಈ ರಸ್ತೆ ಅವರದು. ಯಾವ ಕಾಲೇಜಿಗೂ ಮುಖ್ಯ ಕೋಚ್ ಆಗಿರದ ಇವರನ್ನ 1988ರಲ್ಲಿ ಇಲ್ಲಿಗೆ ಶಿಫಾರಸು ಮಾಡಿದ್ದೂ ಸ್ಮಿತ್ತೇ.

ಮಾವ: ಕಳಿಸಿದ್ದೂ ಅವರೇ, ಕರೆಯೋದೂ ಅವರೇ. ಒಂದು ಸಲ ಇಲ್ಲ ಅಂದಾಯ್ತು. ಎರಡನೇ ಸಲ ಯಾವ ಬಾಯಲ್ಲಿ ಅನ್ನೋದು? ನನ್ನ ಮೇಷ್ಟ್ರು ಕರೆದಿದ್ರೆ ನಾನು ಚಪ್ಪಲಿ ಮೆಟ್ಟೋಕೂ ನಿಲ್ತಿರಲಿಲ್ಲ. ಏಕಲವ್ಯ ಯೋಚನೆ ಮಾಡಿದ್ನಾ?

ಸೊಸೆ: ಏಕಲವ್ಯ ಕೊಟ್ಟದ್ದು ತನ್ನ ಹೆಬ್ಬೆರಳು ಮಾವ. ಇವರು ಹೋದ್ರೆ ಗುರುವಿನ ಮುಂದೆ ಇಡೋದು ಯಾರದು?

(ಮಾವ ನಿಲ್ಲುತ್ತಾರೆ. ಕನ್ನಡಕ ತೆಗೆದು ಪಂಚೆಯ ಅಂಚು ಹುಡುಕಿ, ಪ್ಯಾಂಟು ತೊಟ್ಟಿದ್ದು ನೆನಪಾಗಿ, ಅಂಗಿಯಲ್ಲೇ ಒರೆಸುತ್ತಾರೆ.)

ಮಾವ: ಒಂಬತ್ತು ವರ್ಗ ಅಂದೆನಲ್ಲ. ಎಂಟು ಸರ್ಕಾರ ಮಾಡಿದ್ದು. ಒಂದು ನಾನೇ ಅರ್ಜಿ ಹಾಕಿ, ಕಚೇರಿಗೆ ಅಲೆದು ಮಾಡಿಸ್ಕೊಂಡದ್ದು. ಮನೆ ಕಟ್ಟಿಸ್ತಿದ್ದೆ. ಜನವರಿ ತಿಂಗಳು. ಹತ್ತನೇ ಕ್ಲಾಸಿನ ಹುಡುಗ ಒಬ್ಬ ಬಂದು, ಪರೀಕ್ಷೆವರೆಗೂ ನೀವಿರ್ತೀರಲ್ವಾ ಸಾರ್ ಅಂದ. ಇರ್ತೀನಿ ಹೋಗೋ ಅಂದೆ. ಆರ್ಡರು ಜೇಬಲ್ಲಿತ್ತು.

ಸೊಸೆ: ಆಮೇಲೆ?

ಮಾವ: ಪಾಸಾದ. ಗಣಿತದಲ್ಲಿ ಮೂವತ್ತೇಳು. ನಾನು ಅರವತ್ತು ಅಂದ್ಕೊಂಡಿದ್ದೆ.

(ಮರುದಿನ ವಿಲಿಯಮ್ಸ್ ನಾರ್ತ್ ಕ್ಯಾರೊಲೈನಾಕ್ಕೆ ಹೊರಟರು. 2008ರ ಸೆಮಿಫೈನಲ್‌ನಲ್ಲಿ ಅವರ ತಂಡವನ್ನು 84–66ರಿಂದ ಸೋಲಿಸಿದ್ದು ಕ್ಯಾನ್ಸಸ್ಸೇ. ಫೈನಲ್ ದಿನ ಅವರು ಅಂಗಿಗೆ ಕ್ಯಾನ್ಸಸ್‌ನ ಲಾಂಛನವಾದ ಜೇಹಾಕ್ ಹಕ್ಕಿಯ ಸ್ಟಿಕ್ಕರ್ ಅಂಟಿಸಿಕೊಂಡು ಪ್ರೇಕ್ಷಕರ ನಡುವೆ ಕೂತಿದ್ದರು. ಈ ಸಲ ಮುನಿಸಿಕೊಂಡವರಲ್ಲಿ ನಾರ್ತ್ ಕ್ಯಾರೊಲೈನಾದ ಅಭಿಮಾನಿಗಳಿದ್ದರು.)