ಊಟದ ಬೆಲೆ ಮತ್ತು ಅನ್ನದ ಮೌಲ್ಯ



ಮಗನ ಹುಟ್ಟುಹಬ್ಬ, ಮಗಳು ಪರೀಕ್ಷೆಯಲ್ಲಿ ತೇರ್ಗಡೆಯಾದ ಸಂತೋಷ, ತಂದೆತಾಯಿಗಳ ವಿವಾಹದ ವಾರ್ಷಿಕೋತ್ಸವ ಮುಂತಾದ ಶುಭ ಸಂದರ್ಭಗಳಲ್ಲಿ ದೊಡ್ಡ ಹೋಟೆಲುಗಳಿಗೆ ಹೋಗಿ, ಸಾವಿರಾರು ರೂಪಾಯಿಗಳನ್ನು ವ್ಯಯಿಸಿ ಭೋಜನ ಮಾಡಿ ಬರುವುದು ಇಂದು ನಮ್ಮ ಮನೆಗಳಲ್ಲಿಯೂ ರೂಢಿಯಾಗುತ್ತಿದೆ. ಕೊಟ್ಟ ಹಣಕ್ಕೆ ತಕ್ಕ ಫಲ ಅಲ್ಲಿ ಉಂಟೇ ಎಂಬ ಸಂದೇಹ ಅನೇಕ ಗೃಹಸ್ಥರಿಗಿದೆ. ಹೊರಗಿನ ಊಟವೆಲ್ಲ ತ್ಯಾಜ್ಯವೆಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ಕಾಲಕ್ಕೆ ತಕ್ಕ ಕೋಲವೆಂದು ಸುಮ್ಮನಾಗುವುದೂ ಸುಲಭವೇ. ಎರಡನ್ನೂ ಬಿಟ್ಟು ವಿಚಾರ ಮಾಡೋಣ.

ಹೋಟೆಲು ಉದ್ಯಮವನ್ನು ನಾವು ಹೀನವೆಂದು ಭಾವಿಸತಕ್ಕದ್ದಲ್ಲ. ಉಡುಪಿಯ ಹೆಸರನ್ನು ದೇಶದ ಮೂಲೆಮೂಲೆಗೂ ಒಯ್ದವರಲ್ಲಿ ಆ ಸೀಮೆಯ ಬಾಣಸಿಗರೂ ಸೇರಿದ್ದಾರೆ. ಪಾರಂಪಳ್ಳಿಯ ಮಯ್ಯ ಸಹೋದರರು ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಉಪಾಹಾರಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾಯಿತು. ೧೯೭೫ರಲ್ಲಿ ಘೋಷಿತವಾದ ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಗಳನ್ನು ಅತ್ಯಲ್ಪ ಬೆಲೆಗೆ ಮಾರಬೇಕೆಂಬ ನಿರ್ಬಂಧ ಬಂದಾಗ, ಆ ಬೆಲೆಗೆ ಗುಣಮಟ್ಟವನ್ನು ಉಳಿಸಿಕೊಳ್ಳುವುದು ಕಷ್ಟವಾಗಿ, ಆ ಸಂಸ್ಥೆ ಸಿದ್ಧಮಿಶ್ರಣಗಳ ಮಾರಾಟದ ಕಡೆಗೆ ತಿರುಗಿತು. ಶುದ್ಧವಾದ ತುಪ್ಪಕ್ಕೂ, ಶುಚಿಯಾದ ಅಡಿಗೆಮನೆಗೂ, ದುಡಿಯುವವನ ನ್ಯಾಯವಾದ ವೇತನಕ್ಕೂ ಒಂದು ಬೆಲೆ ಇದ್ದೇ ಇದೆ. ಅದನ್ನು ಕೊಡಲು ಹಿಂಜರಿಯುವುದು ಮಿತವ್ಯಯವಲ್ಲ, ಲೋಭ.

ಆದರೆ ವೈಭವದ ಹೋಟೆಲಿನಲ್ಲಿ ನಾವು ತೆರುವ ಹಣವು ಅನ್ನಕ್ಕೆ ಮಾತ್ರ ಸಲ್ಲುವುದಿಲ್ಲ. ಸ್ಥಳದ ಬಾಡಿಗೆ, ದೀಪಾಲಂಕಾರ, ತಂಪುಗಾಳಿ, ಮೆತ್ತನೆಯ ಆಸನ ಇವೆಲ್ಲವೂ ಆ ಲೆಕ್ಕದಲ್ಲಿ ಅಡಗಿವೆ. ತೆರಿಗೆಯಲ್ಲಿಯೂ ಈ ಭೇದವುಂಟು. ಸಾಮಾನ್ಯ ಉಪಾಹಾರಗೃಹದಲ್ಲಿ ಅದು ನೂರಕ್ಕೆ ೫ ಆದರೆ, ಕೊಠಡಿಯ ದಿನದ ಬಾಡಿಗೆ ೭,೫೦೦ ರೂಪಾಯಿಗಳನ್ನು ಮೀರಿದ ಹೋಟೆಲುಗಳಲ್ಲಿ ನೂರಕ್ಕೆ ೧೮. ಅಕ್ಕಿ ಅದೇ, ಬೇಳೆ ಅದೇ, ಹಸಿವೂ ಅದೇ.

ಶ್ರೀಮದ್ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಆಹಾರದ ತ್ರೈವಿಧ್ಯವನ್ನು ಭಗವಂತನು ನಿರೂಪಿಸಿದ್ದಾನೆ. ಆಯುಸ್ಸು, ಬಲ, ಆರೋಗ್ಯ, ಪ್ರೀತಿಗಳನ್ನು ವರ್ಧಿಸುವುದು ಸಾತ್ತ್ವಿಕ; ಅತಿಯಾದ ಹುಳಿ, ಉಪ್ಪು, ಖಾರಗಳಿಂದ ಕೂಡಿ ದುಃಖವನ್ನು ತರುವುದು ರಾಜಸ; ಹಳಸಿದ್ದು, ಎಂಜಲಾದದ್ದು ತಾಮಸ. ಅಲ್ಲಿ ಬೆಲೆಯ ಪ್ರಸ್ತಾಪವೇ ಇಲ್ಲ. ಹಾಗಾದರೆ ಭೋಜನದ ಮೌಲ್ಯವನ್ನು ಅಳೆಯುವುದು ಯಾವುದರಿಂದ?

ಉದ್ಯೋಗಪರ್ವದಲ್ಲಿ ಇದಕ್ಕೆ ಉತ್ತರವಿದೆ. ಸಂಧಾನಕ್ಕಾಗಿ ಹಸ್ತಿನಾವತಿಗೆ ಬಂದ ಶ್ರೀಕೃಷ್ಣನನ್ನು ದುರ್ಯೋಧನನು ರಾಜಭೋಜನಕ್ಕೆ ಆಹ್ವಾನಿಸಿದನು. ಪರರ ಅನ್ನವನ್ನು ಉಣ್ಣುವುದು ಒಂದೋ ಪ್ರೀತಿಯಿಂದ, ಇಲ್ಲವೇ ಆಪತ್ತಿನಲ್ಲಿ. ಇಲ್ಲಿ ನಿನಗೆ ಪ್ರೀತಿಯಿಲ್ಲ, ನಮಗೆ ಆಪತ್ತಿಲ್ಲ ಎಂಬ ಅಭಿಪ್ರಾಯವನ್ನು ತಿಳಿಸಿ ಸ್ವಾಮಿಯು ವಿದುರನ ಮನೆಗೆ ಬಂದು ಊಟ ಮಾಡಿದನು. ಅರಮನೆಯ ಆ ಔತಣಕ್ಕೆ ಸ್ವಾಮಿಯು ಒಂದು ಕಾಸನ್ನೂ ತೆರಬೇಕಾಗಿರಲಿಲ್ಲ. ಆದರೂ ಅದು ತಕ್ಕದ್ದಾಗಲಿಲ್ಲ. ಪ್ರೀತಿಯಿಲ್ಲದ ಊಟ ಪುಕ್ಕಟೆಯಾಗಿ ದೊರೆತರೂ ದುಬಾರಿಯೇ.

ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿಯೂ ಇದೇ ವಿವೇಕವಿದೆ. ಭತ್ತವೂ ರಾಗಿಯೂ ಹಿರಿಮೆಗಾಗಿ ವಾದಿಸಿದಾಗ ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿದನು. ಸಿರಿವಂತರ ಧಾನ್ಯವೆಂದು ಬೀಗಿದ ಭತ್ತ ಸತ್ತ್ವಗುಂದಿತು. ಬಡವರ ರಾಗಿ ಕೆಡದೆ ಉಳಿದು ಮನ್ನಣೆ ಪಡೆಯಿತು.

ಈಗ ನಮ್ಮ ಮನೆಗಳನ್ನು ನೋಡಿಕೊಳ್ಳೋಣ. ತಾಯಿಯ ಎಪ್ಪತ್ತನೆಯ ವರ್ಷದ ಸಂಭ್ರಮಕ್ಕೆಂದು ಹೋಟೆಲಿನಲ್ಲಿ ಔತಣವೇರ್ಪಡುತ್ತದೆ. ಹೊರಗಿನ ಅನ್ನವನ್ನು ಎಂದೂ ಮುಟ್ಟದ ಆ ವೃದ್ಧೆ ಮಾತ್ರ ಮನೆಯಲ್ಲಿ ಒಬ್ಬಳೇ ಅವಲಕ್ಕಿ ಮೊಸರು ಕಲಸಿಕೊಳ್ಳುತ್ತಾಳೆ. ಇಲ್ಲವೇ ಮಕ್ಕಳ ಮನಸ್ಸು ನೋಯಬಾರದೆಂದು ಜೊತೆಗೆ ಹೋಗಿ ನೀರು ಕುಡಿದು ಬರುತ್ತಾಳೆ. ಯಾರಿಗಾಗಿ ಈ ವೆಚ್ಚ? ನೆರೆಯವರು ಹೋದರೆಂದು ಸಾಲ ಮಾಡಿ ಹೋಗುವ ಗೃಹಸ್ಥನೂ ಊಟವನ್ನು ಕೊಳ್ಳುತ್ತಿಲ್ಲ, ಮಾನ್ಯತೆಯನ್ನು ಕೊಳ್ಳುತ್ತಿದ್ದಾನೆ. ಇವೆಲ್ಲವನ್ನೂ ನೋಡುತ್ತಿರುವ ಮಕ್ಕಳು ಪ್ರೀತಿಯನ್ನು ಬೆಲೆಪಟ್ಟಿಯಿಂದ ಅಳೆಯಲು ಕಲಿಯುತ್ತಾರೆ. ನಷ್ಟವಾಗುವುದು ಹಣವೊಂದೇ ಅಲ್ಲ.

ಉಡುಪಿಯಲ್ಲಿ ವಾದಿರಾಜತೀರ್ಥರು ಎರಡು ತಿಂಗಳ ಪರ್ಯಾಯವನ್ನು ಎರಡು ವರ್ಷಗಳಿಗೆ ವಿಸ್ತರಿಸಿದುದು ಸರ್ವವಿದಿತ. ಪರ್ಯಾಯಕ್ಕೆ ಮುಂಚೆ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂಬ ನಾಲ್ಕು ಮುಹೂರ್ತಗಳು ನಡೆಯುತ್ತವೆ. ನಾಳೆ ಬರುವ ಅಪರಿಚಿತನ ಎಲೆಗಾಗಿ ಇಂದೇ ಬಾಳೆ ನೆಡುವುದು, ಅವನ ಅನ್ನಕ್ಕಾಗಿ ಕಟ್ಟಿಗೆಯನ್ನು ಒಟ್ಟುವುದು ಅಲ್ಲಿ ಧರ್ಮಕಾರ್ಯ. ಆ ಊಟಕ್ಕೆ ಬೆಲೆಯಿಲ್ಲವೆಂದಲ್ಲ. ಉಣ್ಣುವವನ ಪರವಾಗಿ ಮತ್ತೊಬ್ಬನು ಅದನ್ನು ಪ್ರೀತಿಯಿಂದ ತೆತ್ತಿದ್ದಾನೆ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಶಕ್ತಿಯುಳ್ಳವನು ಸ್ವಂತ ದುಡಿಮೆಯಿಂದ ಅಪರೂಪಕ್ಕೊಮ್ಮೆ ತನ್ನವರ ಸಂತೋಷಕ್ಕಾಗಿ ಹೆಚ್ಚು ವ್ಯಯಿಸಿದರೆ ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಸಾಲ ಮಾಡಿಯಾಗಲಿ, ಪೈಪೋಟಿಗಾಗಿಯಾಗಲಿ, ಮನೆಯ ಹಿರಿಯರನ್ನು ಹೊರಗಿಟ್ಟಾಗಲಿ ಹೋದರೆ ಆ ಹಣ ವ್ಯರ್ಥವೇ ಸರಿ. ಹೋದವರು ಬೇಕಾದಷ್ಟನ್ನೇ ಬಡಿಸಿಕೊಳ್ಳಲಿ, ಎಲೆಯಲ್ಲಿ ಅನ್ನವನ್ನು ಬಿಡದಿರಲಿ, ಬಡಿಸುವವನನ್ನು ಗೌರವದಿಂದ ಮಾತನಾಡಿಸಲಿ. ಆ ದಿನವೇ ಯಥಾಶಕ್ತಿ ಒಬ್ಬ ಹಸಿದವನ ಊಟಕ್ಕೂ ಒದಗಿಸಲಿ. ಮನೆಯ ಸಂಭ್ರಮದ ದಿನ ದೇವರಿಗೆ ನಿವೇದಿಸಿದ ಒಂದು ಹಿಡಿ ಪಾಯಸವನ್ನು ತಾಯಿಯ ಎಲೆಗೆ ಮೊದಲು ಬಡಿಸಿದರೆ, ಅದಕ್ಕೆ ಸಮನಾದ ಭೋಜನವನ್ನು ಯಾವ ಹೋಟೆಲೂ ಮಾರಲಾರದು.

॥ ಶ್ರೀಕೃಷ್ಣಾರ್ಪಣಮಸ್ತು ॥