ಫಿಲ್ಟರ್ ಹಾಕಿಕೊಂಡ ಆಕಾಶ

ನಾಗರಬಾವಿಯ ನಮ್ಮ ಬಾಡಿಗೆ ಮನೆಯ ಟೆರೇಸಿನಲ್ಲಿ ನಿಂತರೆ ಮೋಡವಿಲ್ಲದ ರಾತ್ರಿಯಲ್ಲೂ ನಕ್ಷತ್ರಗಳನ್ನು ಬೆರಳಲ್ಲಿ ಎಣಿಸಬಹುದು. ಬೆಂಗಳೂರಿನಲ್ಲಿ ಧ್ರುವನಕ್ಷತ್ರ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲಿರುತ್ತದೆ. ನಮಗೆ ಅದು ಪಕ್ಕದ ಕಟ್ಟಡದ ನೀರಿನ ಟ್ಯಾಂಕಿನ ಹಿಂದೆ. ಎದುರಿನ ಅಪಾರ್ಟ್‌ಮೆಂಟಿನ ಫ್ಲಡ್‌ಲೈಟ್ ಅಂಗಳಕ್ಕಿಂತ ಆಕಾಶವನ್ನೇ ಹೆಚ್ಚು ಬೆಳಗುತ್ತದೆ. ಇಂಥ ಜಾಗದಿಂದ ಕಳೆದ ಏಪ್ರಿಲ್‌ನಲ್ಲಿ ನಾನು ಧನು ರಾಶಿಯ ಲಗೂನ್ ನೀಹಾರಿಕೆಯ ಚಿತ್ರ ತೆಗೆದೆ.

ಅದು ಸಾಧ್ಯವಾದದ್ದು ಒಂದು ಗಾಜಿನ ಬಿಲ್ಲೆಯಿಂದ. ಇಂಥ ನೀಹಾರಿಕೆಗಳ ಬೆಳಕು ಬಹುಪಾಲು ಕೆಲವೇ ತರಂಗಾಂತರಗಳಲ್ಲಿ ಬರುತ್ತದೆ: ಜಲಜನಕದ್ದು 656 ನ್ಯಾನೋಮೀಟರಿನ ಕೆಂಪು, ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ್ದು 501ರ ಆಸುಪಾಸಿನ ಹಸಿರುನೀಲಿ. ನ್ಯಾರೋಬ್ಯಾಂಡ್ ಫಿಲ್ಟರ್ ಇವುಗಳ ಅಕ್ಕಪಕ್ಕದ ಕೆಲವು ನ್ಯಾನೋಮೀಟರ್ ಬಿಟ್ಟು ಉಳಿದದ್ದನ್ನೆಲ್ಲ ತಡೆಯುತ್ತದೆ. ಸೋಡಿಯಂ ದೀಪದ 589ರ ಹಳದಿ ಹೊರಗೇ ಉಳಿಯುತ್ತದೆ. ಎಲ್‌ಇಡಿಯ ಬಿಳಿ ಬೆಳಕು ಎಲ್ಲ ಬಣ್ಣಗಳಿಗೂ ಹರಡಿರುವುದರಿಂದ ಒಂದಿಷ್ಟು ನುಸುಳುತ್ತದೆ. ಶುರುಮಾಡುವವರಿಗೆ ಬಣ್ಣದ ಖಗೋಳ ಕ್ಯಾಮೆರಾ, ಸಣ್ಣ ದೂರದರ್ಶಕ, ಆಕಾಶದ ಜೊತೆ ತಿರುಗುವ ಮೌಂಟ್, ಈ ಎರಡು ಪಟ್ಟಿಗಳನ್ನು ಬಿಡುವ ಒಂದು ಫಿಲ್ಟರ್ ಸಾಕು. ತಾಳ್ಮೆ ಮಾತ್ರ ಹೆಚ್ಚು ಬೇಕು. ಚಿತ್ರದ ಸ್ಪಷ್ಟತೆ ದುಪ್ಪಟ್ಟಾಗಲು ಸಮಯ ನಾಲ್ಕು ಪಟ್ಟು ಕೊಡಬೇಕು. ನಾನು ಮೂರು ರಾತ್ರಿಗಳಲ್ಲಿ ಐದೈದು ನಿಮಿಷದ 48 ಫ್ರೇಮ್ ತೆಗೆದು, ಒಂದರ ಮೇಲೊಂದು ಪೇರಿಸಿದೆ. ಸುಮಾರು 4,000 ಜ್ಯೋತಿರ್ವರ್ಷ ದೂರದ ಕೆಂಪು ಮೋಡ ಲ್ಯಾಪ್‌ಟಾಪಿನಲ್ಲಿ ಮೂಡಿದಾಗ ಹಿಗ್ಗಿಹೋದೆ.

ಮಾರನೆಯ ದಿನ ಎದುರು ಅಪಾರ್ಟ್‌ಮೆಂಟಿನ ವಾಚ್‌ಮನ್ ಕೇಳಿದರು, "ರಾತ್ರಿಯೆಲ್ಲಾ ಮ್ಯಾಲ ಏನ್ ಮಾಡ್ತೀರಿ ಸರ?" ಯಾದಗಿರಿ ಕಡೆಯವರು. ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದರು. "ಛಲೋ ಐತ್ರಿ. ಎಲ್ಲೈತಿ ಇದು?" ಅಂದರು. ಆ ರಾತ್ರಿ ಎರಡರ ಸುಮಾರಿಗೆ ಆಗ್ನೇಯಕ್ಕೆ ಕೈ ತೋರಿಸಿದೆ. ಅಲ್ಲಿ ಬೂದುಬಣ್ಣದ ಮಂಕು ಬಿಟ್ಟರೆ ಏನೂ ಇರಲಿಲ್ಲ. "ನಮ್ಮೂರಾಗ ಬ್ಯಾಸಗಿಗೆ ಮಾಳಗಿ ಮ್ಯಾಲ ಮಲಗಿದ್ರ ಈ ಕಡೆ ಹಾಲು ಚೆಲ್ಲಿದಂಗ ಕಾಣ್ತದ್ರಿ. ಮಷೀನ್ ಏನೂ ಬ್ಯಾಡ." ಅವರು ಹೇಳಿದ್ದು ನಿಜ. ಒಳ್ಳೆಯ ಕತ್ತಲಲ್ಲಿ ಲಗೂನ್ ಬರಿಗಣ್ಣಿಗೇ ಆಕಾಶಗಂಗೆಯ ನಡುವಿನ ಸಣ್ಣ ಮಸುಕಿನಂತೆ ಕಾಣುತ್ತದೆ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಫೆಲೋಶಿಪ್ ದುಡ್ಡು ಕೂಡಿಟ್ಟು ಫಿಲ್ಟರ್ ಕೊಳ್ಳುವ ಮುಂಚೆ ನನಗೆ ಆ ಫ್ಲಡ್‌ಲೈಟಿನ ಮೇಲೆ ಸಿಟ್ಟಿತ್ತು. ಕೊಂಡ ಮೇಲೆ ಸಿಟ್ಟು ಇಳಿಯಿತು. ನಲ್ಲಿ ನೀರು ಕೆಟ್ಟರೆ ಮನೆಗೊಂದು ಆರ್‌ಒ, ಕರೆಂಟ್ ಹೋದರೆ ಯುಪಿಎಸ್ ಇಟ್ಟುಕೊಂಡು ಸುಮ್ಮನಾಗುವ ಹಾಗೆ, ನಾನು ಆಕಾಶಕ್ಕೂ ಒಂದು ಸ್ವಂತ ಏರ್ಪಾಡು ಮಾಡಿಕೊಂಡಿದ್ದೆ. ಎಲ್ಲರೂ ಕಳೆದುಕೊಂಡದ್ದನ್ನು ನಾನೊಬ್ಬ ದುಡ್ಡು ಕೊಟ್ಟು ವಾಪಸ್ ಪಡೆದರೆ, ಉಳಿದವರ ನಷ್ಟದ ಬಗ್ಗೆ ಮಾತಾಡುವ ಬಾಧ್ಯತೆ ನನಗೆ ತೀರುತ್ತದೆಯೇ?

ಹಾಗೆಂದು ದೀಪ ಆರಿಸಿ ಎನ್ನಲೂ ನನಗೆ ಬಾಯಿ ಬರುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗೆ ನಮ್ಮ ಬೀದಿಯ ಬೆಳಕೇ ಧೈರ್ಯ. ನನ್ನ ನೀಹಾರಿಕೆಗಾಗಿ ಅವರ ಧೈರ್ಯ ಕೇಳುವ ಹಕ್ಕು ನನಗಿಲ್ಲ. ಆದರೆ ಅವರಿಗೆ ಬೇಕಾದ ಬೆಳಕು ಬೀಳಬೇಕಾದ್ದು ನೆಲದ ಮೇಲೆ. ಲಡಾಖಿನ ಹಾನ್ಲೆಯಲ್ಲಿ ನಮ್ಮ ಬೆಂಗಳೂರಿನದೇ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅದರ ಸುತ್ತಲ ಪ್ರದೇಶ 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶವಾಯಿತು. ಅಲ್ಲಿ ಹೊರಗಿನ ದೀಪಗಳಿಗೆ ಮರೆ, ಕಿಟಕಿಗಳಿಗೆ ದಪ್ಪ ಪರದೆ. ಬೆಂಗಳೂರು ಹಾನ್ಲೆಯಾಗದು. ಆದರೂ ಲೆನ್ಸಿಗೆ ಹಾಕಿದ ಫಿಲ್ಟರ್ ನನಗೊಬ್ಬನಿಗೆ, ದೀಪಕ್ಕೆ ಹಾಕಿದ ಮರೆ ಎಲ್ಲರಿಗೆ ಎಂಬುದು ಇಲ್ಲಿಗೂ ಸಲ್ಲುವ ಮಾತು.

ಕಳೆದ ವಾರ ಎದುರಿನ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಯವರನ್ನು ಕಂಡು, ಫ್ಲಡ್‌ಲೈಟನ್ನು ಸ್ವಲ್ಪ ಕೆಳಕ್ಕೆ ಬಾಗಿಸಿದರೆ ಅಂಗಳಕ್ಕೂ ಬೆಳಕು ಹೆಚ್ಚುತ್ತದೆ ಎಂದೆ. "ನೋಡೋಣ" ಅಂದರು. ದೀಪ ಇನ್ನೂ ಹಾಗೇ ಇದೆ. ಫಿಲ್ಟರೂ ಕ್ಯಾಮೆರಾದಲ್ಲೇ ಇದೆ. ಅದನ್ನು ತೆಗೆದಿಡುವಷ್ಟು ದೊಡ್ಡವನು ನಾನಲ್ಲ. ಭಾನುವಾರ ಮತ್ತೆ ಹೋಗಿ ಕೇಳುತ್ತೇನೆ. ನಾನೂ ಬರ್ತೀನಿ ಎಂದು ವಾಚ್‌ಮನ್ ಹೇಳಿದ್ದಾರೆ.